ಜುಂಜಮ್ಮ ಹೇಳಿದ ಸಾಲು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಶಾಂತಕುಮಾರಿ ಶಾಲೆಯ ಲ್ಯಾಪ್‌ಟಾಪಿನಲ್ಲಿ ಒಂದು ಸಾಲನ್ನು ಬೇಕೆಂದೇ ತಪ್ಪಾಗಿ ಬರೆದಳು.

ತೆಲುಗು ಸೀಮೆಯ ಗುಮ್ಮಘಟ್ಟ ಮಂಡಲದಲ್ಲಿ, ಕನ್ನಡ ಮಾತಾಡುವ ಆ ಊರಿನಲ್ಲಿ ಕಳೆದ ಅಕ್ಟೋಬರಿನಲ್ಲಿ ಕೆರೆಕಟ್ಟೆ ಒಡೆದುಹೋಗಿತ್ತು. ಆಮೇಲೆ ಜನ ಹೇಗಿದ್ದಾರೆ ಎಂಬುದರ ಮೇಲೆ ಶಾಂತಕುಮಾರಿಯೂ ಸೇರಿ ಒಂಬತ್ತನೆಯ ತರಗತಿಯ ಐವರು ಹದಿನಾಲ್ಕು ನಿಮಿಷದ ಸಾಕ್ಷ್ಯಚಿತ್ರ ಮಾಡಿದ್ದರು. ಸೋಮವಾರ ಅದು ರಾಯದುರ್ಗದ ಸ್ಪರ್ಧೆಗೆ ಹೋಗಬೇಕು. ತೀರ್ಪುಗಾರರಿಗೆ ಕನ್ನಡ ಬಾರದು. ಪರದೆಯ ಕೆಳಗೆ ಮಾತಿನ ಅನುವಾದವಾಗಿ ತೆಲುಗು ಸಾಲುಗಳು ಬೇಕು. ಮೇಷ್ಟ್ರು ರಘುನಾಥ್ ಕಡಪ ಕಡೆಯಿಂದ ಹೊಸದಾಗಿ ಬಂದವರು, ಅವರಿಗೂ ಕನ್ನಡ ಅಷ್ಟಕ್ಕಷ್ಟೆ. ಹಾಗಾಗಿ ಆ ಕೆಲಸ ಎರಡೂ ಭಾಷೆ ಚೆನ್ನಾಗಿ ಬಲ್ಲ ಶಾಂತಕುಮಾರಿಗೆ ಬಂತು.

ಒಂಬತ್ತನೆಯ ನಿಮಿಷದಲ್ಲಿ ಜುಂಜಮ್ಮ ಬರುತ್ತಾಳೆ. ಎಪ್ಪತ್ತು ದಾಟಿದ ಮುದುಕಿ. ಕೇಳುವವರು ತನ್ನ ಓಣಿಯ ಮಕ್ಕಳೇ ಎಂದು ಶೇಂಗಾ ಸುಲಿಯುತ್ತ ಹೇಳಿಬಿಟ್ಟಿದ್ದಾಳೆ:

“ನಮ್ಮ ಓಬಳಪ್ಪ ಕಟ್ಟಿ ಒಡದಾನವ್ವ. ಒಡೀದಿದ್ರ ಈ ಓಣ್ಯಾಗ ಯಾರೂ ಉಳೀತಿದ್ದಿಲ್ಲ.”

ಅವಳು ಹೇಳಿದ್ದು ಹೊಗಳಿಕೆಯಾಗಿ. ಓಬಳಪ್ಪ ಶಾಂತಕುಮಾರಿಯ ತಂದೆ, ಕೆರೆಯ ತೂಬು ನೋಡಿಕೊಳ್ಳುವ ನೀರಗಂಟಿ. ಆ ಬೆಳಗಿನ ಜಾವ ನೀರು ಓಣಿಯ ಕಡೆ ಹೊರಳುವ ಮೊದಲೇ ಅವನು ಕಟ್ಟೆಯ ಇನ್ನೊಂದು ತುದಿಯನ್ನು ಹಾರೆಯಿಂದ ಕಡಿದಿದ್ದ. ನೀರು ತಗ್ಗಿನಲ್ಲಿದ್ದ ಉಜ್ಜಿನಪ್ಪನ ಕುರಿರೊಪ್ಪದ ಮೇಲೆ ಹೋಯಿತು. ಅರವತ್ತೆರಡು ಕುರಿ ಸತ್ತವು. ಕಟ್ಟೆ ಮಳೆಗೆ ಒಡೆಯಿತೆಂದು ಸರ್ಕಾರಿ ವರದಿಯಲ್ಲಿದೆ. ಉಜ್ಜಿನಪ್ಪನೂ ಹಾಗೆಯೇ ನಂಬಿದ್ದ. ಓಣಿಯವರು ಬಾಯಿ ಬಿಟ್ಟಿರಲಿಲ್ಲ.

ಆ ತುಣುಕು ತೆಗೆಯೋಣವೆಂದು ಶಾಂತಕುಮಾರಿ ಎರಡು ಸಲ ಕೇಳಿದ್ದಳು. ಮುದುಕಿಯ ಮುಖ ಚೆನ್ನಾಗಿ ಬಂದಿದೆ, ಇರಲಿ ಎಂದಿದ್ದರು ಮೇಷ್ಟ್ರು. ಕಾರಣ ಹೇಳುವಂತಿರಲಿಲ್ಲ.

ತೆಲುಗಿನಲ್ಲಿ ‘ಕಟ್ಟ ತೆಂಚಾಡು’ ಎಂದರೆ ಅವನು ಒಡೆದ. ‘ಕಟ್ಟ ತೆಗಿಂದಿ’ ಎಂದರೆ ತಾನಾಗಿ ಒಡೆಯಿತು. ಅವಳು ಎರಡನೆಯದನ್ನು ಬರೆದು ತಂದೆಯ ಹೆಸರು ಬಿಟ್ಟಳು. ಮೇಷ್ಟ್ರು ಓದಿ ಸರಿ ಎಂದರು. ಆಮೇಲೆ, ಸಂಜೆ ನಾಲ್ಕೂವರೆಗೆ ಇದನ್ನು ಮೊದಲು ಊರಿಗೇ ತೋರಿಸುವುದಾಗಿಯೂ ಎಲ್ಲರಿಗೂ ಹೇಳಿ ಕಳಿಸಿರುವುದಾಗಿಯೂ ತಿಳಿಸಿದರು.

ಅವಳು ರಾಯದುರ್ಗದವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದ್ದಳು. ಊರಿನವರು ಕೆಳಗಿನ ಸಾಲು ಓದುವವರಲ್ಲ, ಮಾತು ಕೇಳುವವರು.

ಹೊಟ್ಟೆನೋವು, ಮನೆಗೆ ಹೋಗುತ್ತೇನೆ ಎಂದಳು. ಲ್ಯಾಪ್‌ಟಾಪ್ ನಡೆಸುವವರು ಬೇರೆ ಯಾರು ಎಂದು ಮೇಷ್ಟ್ರು ಕೂರಿಸಿದರು. ಸದ್ದು ತಗ್ಗಿಸೋಣವೆಂದರೆ ಸ್ಪೀಕರ್ ಅವರ ಕೈಯಲ್ಲೇ ಇತ್ತು.

ಕಿಟಕಿಗಳಿಗೆ ಟಾರ್ಪಾಲು ಕಟ್ಟಿದ ಕೋಣೆಯಲ್ಲಿ ಜನ ಬಾಗಿಲವರೆಗೂ ಕೂತರು. ಚಿತ್ರದಲ್ಲಿ ತಾನಿದ್ದೇನೆಂದು ಉಜ್ಜಿನಪ್ಪ ಮುಂದಿನ ಸಾಲಿಗೇ ಬಂದಿದ್ದ. ಓಬಳಪ್ಪ ಹಿಂದಿನ ಗೋಡೆಗೆ ಒರಗಿ ನಿಂತಿದ್ದ.

“ಮಾವ, ಸಿನಿಮಾದಾಗ ಮೀಸಿ ಭಾರಿ ಕಾಣ್ತಾವು,” ಎಂದು ಯಾರೋ ಕೆಣಕಿದರು.

“ಕುರಿ ಹೋದ್ರೂ ಮೀಸಿ ಉಳದಾವಲ್ಲ,” ಎಂದ ಉಜ್ಜಿನಪ್ಪ. ಎಲ್ಲರೂ ನಕ್ಕರು.

ಒಂಬತ್ತನೆಯ ನಿಮಿಷ ಬಂತು. ಜುಂಜಮ್ಮ ಶೇಂಗಾ ಸುಲಿದಳು, ಮಾತಾಡಿದಳು. ನಗು ನಿಂತಿತು. ಉಜ್ಜಿನಪ್ಪ ಹಿಂದೆ ತಿರುಗಲಿಲ್ಲ.

“ಇನ್ನೊಮ್ಮಿ ಹಾಕವ್ವ. ಅಕಿ ಏನಂದ್ಳು ಕೇಳೂನು.”

ಅವನಿಗೆ ಚಿತ್ರ ಹಿಡಿಸಿದೆ ಎಂದುಕೊಂಡ ಮೇಷ್ಟ್ರು ನಗುತ್ತಾ, ಹಾಕು ಎಂದು ಸನ್ನೆ ಮಾಡಿದರು. ಶಾಂತಕುಮಾರಿ ಹಿಂದಿನ ಗೋಡೆಯ ಕಡೆ ನೋಡಿದಳು. ತಂದೆಗೂ ಬಾಗಿಲಿಗೂ ನಡುವೆ ಊರೇ ಕೂತಿತ್ತು.

ಅವಳು ಚಿತ್ರವನ್ನು ಹಿಂದಕ್ಕೆ ಎಳೆದು ಮತ್ತೊಮ್ಮೆ ಹಾಕಿದಳು.