ಡ್ರ್ಯಾಗನ್‌ಗಳನ್ನು ಕೂಗಿ ಕರೆದವಳು

ಪ್ರಮೋದಾಗೆ ಗುಟ್ಟು ಹೇಳಲು ಬರುವುದಿಲ್ಲ. ಬಾಯಿಹರುಕಿ ಎಂದಲ್ಲ, ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತನ್ನು ಇಟ್ಟುಕೊಳ್ಳುವ ಗಾಂಭೀರ್ಯ ಆಕೆಗೆ ಉಂಟು. ಆದರೆ ಕಿವಿಯ ಹತ್ತಿರ ಬಂದು, ಕೈ ಅಡ್ಡ ಹಿಡಿದು, "ಯಾರ್ಗೂ ಹೇಳ್ಬೇಡಿ ಮೇಷ್ಟ್ರೇ" ಎಂದು ಶುರುಮಾಡಿದಳೆಂದರೆ ಬೀದಿಯ ಕೊನೆಯಲ್ಲಿರುವ ಕೆಂಪರಾಜನ ಟೀ ಅಂಗಡಿಯಲ್ಲಿ ಕುಳಿತವರೆಲ್ಲ ತಲೆಯೆತ್ತಿ ನೋಡುತ್ತಾರೆ. ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯಲ್ಲಿ ಹುಟ್ಟಿ, ಇನ್ನೊಂದು ಮಗ್ಗದ ಮನೆಗೆ ಸೊಸೆಯಾಗಿ ಬಂದವಳು. ಪವರ್‌ಲೂಮಿನ ಖಟಪಟದ ಮೇಲೆ ದನಿಯೇರಿಸಿಯೇ ಮಾತು ಕಲಿತವಳು. ಸಾವಿನ ಮನೆಯಲ್ಲಿ ಸಾಂತ್ವನ ಹೇಳುವಾಗಲೂ ಆ ದನಿ ಇಳಿಯದು. ಅಳುತ್ತಿದ್ದವರು ಬೆಚ್ಚಿಬಿದ್ದು ಅಳು ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ.

ನಡಿಗೆಯೂ ಮಗ್ಗ ಕಲಿಸಿದ್ದೇ. ಮನೆಯ ನಡುಕೋಣೆಯನ್ನು ತುಂಬಿಕೊಂಡ ಎರಡು ಮಗ್ಗಗಳ ಸಂದಿಯಲ್ಲಿ, ಬೆಲ್ಟಿಗೆ ಸೆರಗು ಸಿಕ್ಕದಂತೆ ಓರೆಯಾಗಿ ಸುಳಿದಾಡಿ ರೂಢಿಯಾದ ದೇಹ ಅದು. ಬಸ್ಸು ಲಾರಿಗಳು ಧಾರಾಳವಾಗಿ ಓಡಾಡುವ ಹೆದ್ದಾರಿಯ ಅಂಚಿನಲ್ಲೂ ಆಕೆ ಒಂದು ಭುಜ ಮುಂದೆ ಮಾಡಿ, ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕಾಣದ ಯಂತ್ರಗಳ ನಡುವೆ ನುಸುಳುವವಳಂತೆ ನಡೆಯುತ್ತಾಳೆ. ಸೀರೆಯ ಮೇಲೆ ಗಂಡ ಸಿದ್ದರಾಜುವಿನ ಹಳೆಯ ತುಂಬುತೋಳಿನ ಅಂಗಿ. ಅಂಗಿಯ ಜೇಬಿನಲ್ಲಿ ಸದಾ ಒಂದು ಮೊಂಡು ಪೆನ್ಸಿಲ್.

ಆ ಪೆನ್ಸಿಲಿಗೆ ಕಾರಣ ಮಗಳು ಚಂದನ. ಮೂರನೇ ತರಗತಿಯಲ್ಲಿದ್ದಾಗ ಅವಳು ಶಾಲೆಯಿಂದ ಯಾವುದೋ ಚಿತ್ರದ ಪುಸ್ತಕ ತಂದಿದ್ದಳು. ಅದರ ಕೊನೆಯ ಪುಟದಲ್ಲಿ ರಾಜಕುಮಾರನೊಬ್ಬ ಡ್ರ್ಯಾಗನ್ನಿನ ಎದೆಗೆ ಈಟಿ ಚುಚ್ಚಿ ನಿಂತಿದ್ದ. ಮಗು ಊಟ ಬಿಟ್ಟು ಅತ್ತಿತು. "ಸಾಯ್ದೆ ಇರೋ ಡ್ರ್ಯಾಗನ್ನ ನಾನ್ ಕೊಡ್ತೀನಿ ಕಣೇ, ಅಳ್ಬೇಡ" ಎಂದಳು ಪ್ರಮೋದಾ, ಲಾಳಿಯ ಸದ್ದನ್ನೂ ಮೀರಿದ ಕಂಠದಲ್ಲಿ. ಬೀದಿಗೆ ಬೀದಿಯೇ ಆ ಮಾತಿಗೆ ಸಾಕ್ಷಿಯಾಯಿತು.

ಕಥೆ ಹಾಗೆ ಹುಟ್ಟಿತು. ಕಣ್ಣು ಮಗ್ಗದಲ್ಲಿ ನೇಯುತ್ತಿದ್ದ ಸೀರೆಯ ಮೇಲೆ, ಬಾಯಿ ಮಗಳ ಕಡೆಗೆ. ಹೊಸಿಲ ಮೇಲೆ ಕುಳಿತ ಚಂದನಳಿಗೆ ಆಕೆ ಕೂಗಿ ಕೂಗಿ ಹೇಳುತ್ತಿದ್ದಳು: ನಿಂಗಿ ಎಂಬ ಹುಡುಗಿ, ಆವತಿ ಬೆಟ್ಟದ ಬಂಡೆಗಳ ಸಂದಿಯಲ್ಲಿ ಬೆಚ್ಚಗೆ ಮಲಗಿದ ಡ್ರ್ಯಾಗನ್‌ಗಳು, ಬೆಳಗಿನ ಮಂಜಿನಲ್ಲಿ ಅವು ರೆಕ್ಕೆ ಮಡಿಸಿ ರಾಜಘಟ್ಟದ ಕೆರೆಗೆ ನೀರು ಕುಡಿಯಲು ಇಳಿಯುವುದು, ದೇವನಹಳ್ಳಿಯ ತೋಟಗಳ ಚಕ್ಕೋತವನ್ನು ಇಡಿಯಾಗಿ ನುಂಗಿ, ಹುಳಿಗೆ ಕಣ್ಣು ಮುಚ್ಚಿ, ಬೆಂಕಿಗೆ ಬದಲು ನೀಲಿ ಹೊಗೆ ಬಿಡುವುದು. ಸದಾ ಘರ್ಜಿಸಿ ಘರ್ಜಿಸಿ ಅವುಗಳಿಗೆ ಕಿವಿ ಮಂದ. ಊರಿನವರ ಮಾತು ಕೇಳಿಸದೆ, ಜನ ತಮ್ಮನ್ನು ದ್ವೇಷಿಸುತ್ತಾರೆಂದು ಬೆಟ್ಟ ಸೇರಿದ ಪ್ರಾಣಿಗಳು. ನಿಂಗಿ ಮಗ್ಗದ ಮನೆಯವಳು, ಅವಳ ಕೂಗು ಅವುಗಳಿಗೂ ಮುಟ್ಟುತ್ತದೆ, ಹಾಗಾಗಿ ಸ್ನೇಹ. ನೂಲು ಹರಿದು ಮಗ್ಗ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಗಂಟು ಬಿದ್ದು ಮಗ್ಗ ಹೊರಟರೆ ಡ್ರ್ಯಾಗನ್ನೂ ಮೇಲೇಳುತ್ತಿತ್ತು.

ಹೇಳಿದ್ದನ್ನು ಆಕೆ ಮಧ್ಯಾಹ್ನ ಬರೆದಿಡುತ್ತಿದ್ದುದು ಮೂಲೆಗೆ ಬಿದ್ದಿದ್ದ ಹಳೆಯ ಡಿಸೈನ್ ಕಾರ್ಡುಗಳ ಮೇಲೆ. ಸೀರೆಯ ಅಂಚಿನ ಹೂಬಳ್ಳಿಗಾಗಿ ತೂತು ಹೊಡೆದ ಉದ್ದನೆಯ ರಟ್ಟುಗಳು ಅವು. ತೂತು ಬಂದಲ್ಲೆಲ್ಲ ಅಕ್ಷರಗಳು ಹಳ್ಳ ದಾಟುವಂತೆ ಹಾರಿ ಆಚೆ ಕೂರುತ್ತಿದ್ದವು. ನಿವೃತ್ತ ಕನ್ನಡ ಮೇಷ್ಟರೆಂಬ ಕಾರಣಕ್ಕೆ ಕಾಗುಣಿತ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಒಂದೆಡೆ "ನಿಂಗಿ ಗುಟ್ಟಾಗಿ ಅರಚಿದಳು" ಎಂದಿತ್ತು. ಇದು ಹೇಗಮ್ಮ ಸಾಧ್ಯ ಎಂದೆ.

"ಮತ್ತಿನ್ನೆಂಗೆ ಮೇಷ್ಟ್ರೇ ಗುಟ್ಟು ಹೇಳೋದು? ಎದುರ್ಗಿರೋರ್ಗೆ ಕೇಳುಸ್ಬೇಡ್ವಾ?"

ಪೆನ್ನಿನ ಮುಚ್ಚಳ ಹಾಕಿದೆ. ಡ್ರ್ಯಾಗನ್‌ಗಳಿಗೆ ಬೀದಿಯವರ ಹೆಸರಿಟ್ಟಿದ್ದಳು, ಕೆಂಪನೆಯದಕ್ಕೆ ಕೆಂಪರಾಜ್. ಟೀ ಅಂಗಡಿಯ ಕೆಂಪರಾಜನಿಗೆ ಅದರಿಂದ ಕೋಡು ಮೂಡಿತ್ತು. ಮಗ್ಗದವರಿಗೆ ಟೀ ಕೊಡಲು ಬಂದಾಗಲೆಲ್ಲ, "ಅಕ್ಕಾ, ನಾನು ಈಗ ಎಲ್ಲಿ ಹಾರ್ತಾ ಇದೀನಿ?" ಎಂದು ವಿಚಾರಿಸಿಕೊಳ್ಳುತ್ತಿದ್ದ.

ಚಂದನ ಐದನೆಯದು ಮುಗಿಸಿದಳು. ಜೂನಿನಲ್ಲಿ ವಸತಿ ಶಾಲೆಗೆ ಹೊರಡಬೇಕು. ಅಷ್ಟರೊಳಗೆ ಕೊನೆಯ ಅಧ್ಯಾಯ ಮುಗಿಸಿಕೊಡುತ್ತೇನೆಂದು ತಾಯಿ ಮಾತು ಕೊಟ್ಟಿದ್ದಳು. ಅದೇ ಬೇಸಿಗೆಯಲ್ಲಿ ಸಿದ್ದರಾಜು ಊರ ಹೊರಗೆ ದೊಡ್ಡದೊಂದು ಶೆಡ್ಡು ಹಿಡಿದು ಮಗ್ಗಗಳನ್ನು ಅಲ್ಲಿಗೆ ಸಾಗಿಸಿದ. ಮನೆಗೆ ಮೊದಲ ಬಾರಿ ಹಾಲ್ ಎಂಬುದೊಂದು ದಕ್ಕಿತು. "ಇನ್ಮೇಲೆ ಆರಾಮಾಗಿ ಕೂತ್ಕೊಂಡು ಬರಿ" ಎಂದು ಹೆಂಡತಿಗೆ ಪ್ರೀತಿಯಿಂದಲೇ ಹೇಳಿದ.

ಆಕೆ ಕುಳಿತಳು. ಡ್ರ್ಯಾಗನ್‌ಗಳು ಬರಲಿಲ್ಲ.

ಸದ್ದಿಲ್ಲದ ಮನೆಯಲ್ಲಿ ಗಡಿಯಾರದ ಟಿಕ್ ಟಿಕ್ ಕೇಳಿಸಿಯೇ ಆಕೆ ದಿಗಿಲುಬಿದ್ದಳಂತೆ. ಮಿಕ್ಸಿ ಹಾಕಿ ನೋಡಿದಳು, ಟೀವಿ ಹಾಕಿ ನೋಡಿದಳು; ಹಿಟ್ಟಿನ ಗಿರಣಿಯಲ್ಲಿ ಬೀಸಿಸಲು ಏನೂ ಇಲ್ಲದೆ ಬರಿಗೈಯಲ್ಲಿ ನಿಂತು ಬಂದಳು. ಗಂಡನ ಶೆಡ್ಡಿಗೂ ಹೋದಳು, ಅಲ್ಲಿ ಹೊಸದಾಗಿ ಕೂಡಿದ, ಕೂಲಿಯವರು ನಡೆಸುವ ಹತ್ತಾರು ಮಗ್ಗಗಳ ಅಬ್ಬರ, ಆದರೆ "ಅದು ನಮ್ಮನೆ ಸದ್ದಲ್ಲ ಮೇಷ್ಟ್ರೇ, ಡ್ರ್ಯಾಗನ್‌ಗಳ್ಗೆ ಗುರ್ತು ಸಿಗಲ್ಲ." ಒಂದು ಭಾನುವಾರ ಮಗಳನ್ನು ಕರೆದುಕೊಂಡು ದೇವನಹಳ್ಳಿ ಕಡೆಗೆ ಹೋಗಿ, ವಿಮಾನ ನಿಲ್ದಾಣದ ಬೇಲಿಯ ಪಕ್ಕ, ತಲೆಯ ಮೇಲೆ ವಿಮಾನಗಳು ಗುಡುಗಿ ಹಾಯುವ ಕಡೆ ನಿಂತಳು. ಅವು ಬಂದಷ್ಟೇ ವೇಗದಲ್ಲಿ ಮೋಡದೊಳಗೆ ಕರಗಿದವು. ವಾಪಸ್ಸು ಬರುವ ಬಸ್ಸಿನಲ್ಲಿ ಚಂದನ ಕಿಟಕಿಯಾಚೆ ನೋಡುತ್ತ ಹೇಳಿದಳು: "ಅಮ್ಮಾ, ಮುಗಿಸ್ದಿದ್ರೂ ಪರವಾಗಿಲ್ಲ ಬಿಡು. ನಾನೇನ್ ಇನ್ನೂ ಚಿಕ್ಕೋಳಾ?"

ಮಗು ಸಮಾಧಾನಕ್ಕೆಂದೇ ಆಡಿದ ಮಾತು. ತಾಯಿಯ ಕರುಳಿಗೆ ಅದು ತಾಗಿತು. ಕಥೆಗಾಗಿ ಕಾಯುತ್ತಿದ್ದ ಹುಡುಗಿ ಮನೆ ಬಿಡುವ ಮೊದಲೇ ತನ್ನ ಕಣ್ಣೆದುರೇ ದೂರ ಹೋಗುತ್ತಿದ್ದಾಳೆಂದು ಆಕೆಗೆ ಅನ್ನಿಸಿತು. ಮರುದಿನ ಆ ಮಾತನ್ನು ನನಗೆ ಹೇಳುವಾಗ ಕಣ್ಣು ತುಂಬಿತ್ತು.

ಮಗಳ ಟ್ರಂಕು ತುಂಬುತ್ತಿದ್ದ ದಿನಗಳಲ್ಲೇ ಒಂದು ಮಧ್ಯಾಹ್ನ, ಬಿಸಿಲು ನಡುಕೋಣೆಯ ನೆಲದ ಮೇಲೆ ಹಳದಿಯಾಗಿ ಒರಗಿದ್ದಾಗ, ಪ್ರಮೋದಾಗೆ ಎಲ್ಲಿಂದಲೋ ಒಂದು ರಾಗ ಕೇಳಿಸಿತು. ಪಕ್ಕದ ಮನೆಯ ರೇಡಿಯೋ ಇರಬೇಕೆಂದು ಬಾಗಿಲ ತನಕ ಹೋದಳು; ಅಲ್ಲ. ಹಿತ್ತಿಲಿಗೆ ಹೋದಳು, ಅಲ್ಲ. ಅಡುಗೆಮನೆಯಲ್ಲಿ ಅತ್ತೆ ಅನುಸೂಯಮ್ಮ ಕಾಲು ಚಾಚಿ ಕುಳಿತು, ಹುಣಸೆಹಣ್ಣಿನ ಬೀಜ ಬಿಡಿಸುತ್ತ, ತಮ್ಮ ಪಾಡಿಗೆ ತಾವು ಹಾಡಿಕೊಳ್ಳುತ್ತಿದ್ದರು. ಇದೇ ಅತ್ತೆ ತಾವು ಮದುವೆಯಾಗಿ ಬಂದ ದಿನದಿಂದ ಮಗ್ಗದ ಮಗ್ಗುಲಲ್ಲೇ ಕುಳಿತು ನೂಲು ಸುತ್ತಿದವರು. ತುಟಿ ಸದಾ ಅಲುಗುತ್ತಿದ್ದುದನ್ನು ಪ್ರಮೋದಾ ಕಂಡಿದ್ದಳು. ತನ್ನನ್ನು ಬೈಯುತ್ತಿದ್ದಾರೆಂದೇ ಇಷ್ಟು ಕಾಲ ತಿಳಿದು, ಮನಸ್ಸಿನಲ್ಲಿ ಮುನಿಸು ಇಟ್ಟುಕೊಂಡಿದ್ದಳು.

"ಅತ್ತೆ, ಹಾಡೋದು ಯಾವಾಗ ಕಲ್ತ್ರಿ?"

"ಕಲಿಯೋದೇನು ಬಂತಮ್ಮಾ, ದಿನಾ ಹಾಡ್ತಾನೇ ಇದ್ನಲ್ಲ. ಆ ಸದ್ನಲ್ಲಿ ನಿಂಗೆಲ್ಲಿ ಕೇಳುಸ್ಬೇಕು?"

ಪ್ರಮೋದಾ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ಅತ್ತೆ ಗಾಬರಿಯಾಗಿ, ಹುಣಸೆ ಮೆತ್ತಿದ ಕೈಯಿಂದಲೇ ಸೊಸೆಯ ತಲೆ ಸವರಿದರು. ಆ ಸಂಜೆಯೇ ಕೊನೆಯ ಅಧ್ಯಾಯ ಬಂತು. ಆವತಿ ಬೆಟ್ಟದಲ್ಲಿ ಘರ್ಜನೆ ನಿಲ್ಲುತ್ತದೆ. ಸ್ನೇಹಿತರೆಲ್ಲ ಸತ್ತರೇನೋ ಎಂದು ನಿಂಗಿ ಕತ್ತಲ ಗುಹೆಗಳಲ್ಲಿ ಹುಡುಕುತ್ತ ಹೋಗುತ್ತಾಳೆ. ಅಲ್ಲಿ ಅವು ರೆಕ್ಕೆಯೊಳಗೆ ತಲೆ ಇಟ್ಟು ಒಂದೊಂದೂ ತನ್ನಷ್ಟಕ್ಕೆ ಹಾಡುತ್ತಿವೆ. ಹುಟ್ಟಿದಂದಿನಿಂದ ಹಾಡುತ್ತಲೇ ಇದ್ದವಂತೆ. ಘರ್ಜನೆಯ ಅಡಿಯಲ್ಲಿ ಅದು ಯಾರಿಗೂ ಕೇಳಿಸಿರಲಿಲ್ಲ.

ಹೊರಡುವ ಹಿಂದಿನ ದಿನ ಅದನ್ನು ಮಗಳಿಗೆ ಓದಿ ಹೇಳಿದಾಗ ನಾನೂ ಅಲ್ಲಿದ್ದೆ. ತಾನು ಚಿಕ್ಕವಳಲ್ಲ ಎಂದಿದ್ದ ಹುಡುಗಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಮುಗಿದ ಮೇಲೆ ಅಡುಗೆಮನೆಯ ಕಡೆ ನೋಡಿ, "ಅಮ್ಮಾ, ಹಂಗಾದ್ರೆ ನಮ್ಮಜ್ಜೀನೂ ಡ್ರ್ಯಾಗನ್ನೇನಾ?" ಎಂದಳು, ಉತ್ತರಕ್ಕೆ ಕಾಯದೆ ಎದ್ದು ಹೋಗಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಪ್ರಮೋದಾಳಂಥವರು ನಮ್ಮ ಬೀದಿಗಳಲ್ಲಿ ಅಪರೂಪವೇನಲ್ಲ. ಅವರು ಬರೆದದ್ದು ಅಚ್ಚಾಗುವುದಿಲ್ಲ, ಅವರ ಹೆಸರು ಯಾವ ಸಭೆಯಲ್ಲೂ ಕೇಳಿಬರುವುದಿಲ್ಲ. ಒಂದು ಮಗುವಿನ ಕಣ್ಣೀರು ಒರೆಸಲೆಂದು ಇಲ್ಲದ ಪ್ರಾಣಿಗಳನ್ನು ಇಲ್ಲದ ಲೋಕದಿಂದ ಕರೆತರುತ್ತಾರೆ. ಆ ಮಗು ಬೆಳೆದು ತನ್ನ ದಾರಿ ಹಿಡಿದಾಗ ಎಲ್ಲವೂ ವ್ಯರ್ಥವಾಯಿತೆಂದು ಎದೆಗುಂದುತ್ತಾರೆ. ವ್ಯರ್ಥವಾಗುವುದಿಲ್ಲ. ಜೊತೆಯಲ್ಲೇ ಬಾಳಿದ ಜೀವವೊಂದು ಯಾರ ಕಿವಿಗೂ ಬೀಳದೆ ಹಾಡುತ್ತಲೇ ಇತ್ತೆಂದು ತಿಳಿದ ದಿನ, ಅಂಥವರು ನೆಲದ ಮೇಲೆ ಕುಳಿತು ಅಳುತ್ತಾರೆ. ಉಳಿದ ನಮಗೆ ಆ ಹಾಡು ಮುದುಕಿಯೊಬ್ಬಳ ಗೊಣಗಾಟ.