ಗೊಣಗಣ್ಣ ಕಂಡ ತಂತಿ

ಗೊಣಗಣ್ಣನಿಗೆ ಬೇರೆ ಹೆಸರೂ ಇತ್ತು, ಯಾರೂ ಬಳಸುತ್ತಿರಲಿಲ್ಲ. ಲಿಫ್ಟ್ ರಿಪೇರಿ ತಂಡದ ಮೇಲ್ವಿಚಾರಕಿಗಂತೂ ಅವನ ದನಿ ಕೇಳಿದರೇ ಮೈ ಉರಿಯುತ್ತಿತ್ತು. ಹತ್ತು ವರ್ಷದಿಂದ ಮೊಸರಿನಲ್ಲಿ ಕಲ್ಲು ಹುಡುಕುತ್ತಲೇ ಬಂದ ಮನುಷ್ಯ.

ಅಂದು ಬೆಳಿಗ್ಗೆ ಅವನು ಹರಿದ ಬಟ್ಟೆಯ ಚೂರೊಂದನ್ನು ಅವಳ ಮೇಜಿನ ಮೇಲೆ ಹಾಕಿದ. ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಬಟ್ಟೆ ಸುತ್ತಿ ಹಿಡಿದು, ಹಗ್ಗವನ್ನು ನಿಧಾನವಾಗಿ ಓಡಿಸಿ ನೋಡುವುದು ಅವರ ಪದ್ಧತಿ. ಮುರಿದ ತಂತಿ ಇದ್ದರೆ ಬಟ್ಟೆ ಸಿಕ್ಕಿ ಹರಿಯುತ್ತದೆ.

“ತಂತಿ ಕಿತ್ತಿದೆ. ಲಿಫ್ಟ್ ನಿಲ್ಸಿ.”

“ಎಂಟನೇ ಮಹಡೀಲಿ ಕಣ್ಣಿನ ಆಸ್ಪತ್ರೆ ಇದೆ. ಪಟ್ಟಿ ಕಟ್ಕೊಂಡೋರು ಮೆಟ್ಟಿಲು ಇಳೀಬೇಕಾ? ನಿಮ್ಮ ಬಟ್ಟೆ ಹೋದ ವರ್ಷಾನೇ ಹರಿದಿತ್ತು, ಬಿಡಿ.”

ಅವಳು ತಂಡದಲ್ಲೇ ಕೆಲಸಕ್ಕಿದ್ದ ತಮ್ಮನ ಕಡೆ ನೋಡಿದಳು. ಅವನನ್ನು ಸಾಕಿ, ಕೆಲಸ ಕಲಿಸಿದವಳು ಅವಳೇ. ತಲೆ ನರೆತರೂ ಅವಳಿಗಿನ್ನೂ ಕೂಸು.

“ನಾನೂ ನೋಡ್ದೆ ಅಕ್ಕಾ, ಏನಿಲ್ಲ” ಎಂದ.

ಅಷ್ಟು ಸಾಕಾಯಿತು. ಲಿಫ್ಟ್ ಓಡಿತು.

ಹನ್ನೊಂದು ಗಂಟೆಗೆ ಫೋನ್ ಬಂತು. ಮೇಲಿನ ಯಂತ್ರದ ಕೋಣೆಯಿಂದ ತಮ್ಮ. “ಅಕ್ಕಾ, ಹಗ್ಗ ಸರಿ ಇಲ್ಲ. ಈಗ್ಲೇ ನಿಲ್ಸು.”

ಯಾಕೆ ಎಂದು ಅವಳು ಕೇಳಲಿಲ್ಲ. ಸೊಂಟದಲ್ಲಿದ್ದ ಬೀಗದಕೈಯನ್ನು ಲಿಫ್ಟ್ ನಿಲ್ಲಿಸುವ ಸ್ವಿಚ್ಚಿಗೆ ಹಾಕಿ ತಿರುಗಿಸಿ, ಅದನ್ನು ಮೂರನೇ ಮಹಡಿಯಲ್ಲಿ ನಿಲ್ಲಿಸಿದಳು. ಬಾಗಿಲು ತೆರೆಯುವವರೆಗೆ ಜೀವ ಕೈಯಲ್ಲಿ ಹಿಡಿದು ನಿಂತಿದ್ದಳು. ಏಳು ಜನ ಹೊರಬಂದರು. ಮೂವರ ಕಣ್ಣಿಗೆ ಪಟ್ಟಿ ಇತ್ತು.

ಏದುಸಿರು ಬಿಡುತ್ತಾ ಯಂತ್ರದ ಕೋಣೆಗೆ ಹತ್ತಿದಳು. ಹಗ್ಗದ ಒಂದು ಗೇಣಿನಲ್ಲಿ ಮುರಿದ ತಂತಿ ಎಣಿಸಿದಳು. ಹನ್ನೊಂದಕ್ಕೆ ಎಣಿಕೆ ಬಿಟ್ಟಳು.

“ನೋಡಿದ್ರಾ ನನ್ನ ತಮ್ಮನ ಕಣ್ಣು!” ಎಂದಳು, ತಮ್ಮನ ಪಕ್ಕದಲ್ಲೇ ನಿಂತಿದ್ದ ಗೊಣಗಣ್ಣನಿಗೆ ಕೇಳಲೆಂದೇ. “ನೀವು ಸುಮ್ನೆ ಗೊಣಗ್ತೀರಿ, ಅವನು ನೋಡಿ ಹೇಳ್ದ.”

ತಮ್ಮ ತಲೆ ತಗ್ಗಿಸಿದ. ಅವನ ಜೇಬಿನಿಂದ ಹಗ್ಗಕ್ಕೆ ಸುತ್ತುವ ಬಟ್ಟೆ ಇಣುಕುತ್ತಿತ್ತು. ಒಗೆದು ಇಸ್ತ್ರಿ ಮಾಡಿದ ಮಡಿಕೆ ಹಾಗೇ ಇತ್ತು.

“ಬೆಳಿಗ್ಗೆ ನಾನು ಮೇಲೆ ಹತ್ತಿರ್ಲೇ ಇಲ್ಲ ಅಕ್ಕಾ. ಇವರೇ ಈಗ ಎಳ್ಕೊಂಡು ಬಂದು ತೋರ್ಸಿದ್ರು. ‘ನಾನು ಹೇಳಿದ್ರೆ ಕೇಳಲ್ಲ, ನೀನು ಹೇಳು’ ಅಂದ್ರು.”

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಸಾಕಿದವರ ಪಾಡೂ ಅದೇ. ಪಟ್ಟಿ ಕಟ್ಟಿದ ಆ ಮುಖಗಳು ನೆನಪಾಗಿ ಅವಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು.

“ಇನ್ನೊಂದ್ಸಲ ನನಗೇ ಹೇಳ್ಬಾರ್ದಿತ್ತಾ?”

“ಹೇಳ್ತಿದೀನಿ, ಕೇಳಿ” ಎಂದ ಗೊಣಗಣ್ಣ. “ಪಕ್ಕದ ಲಿಫ್ಟಿನ ಹಗ್ಗಾನೂ ಹೀಗೇ ಇದೆ.”

ಅದೇ ಗೊರಗೊರ ದನಿ. ಈಗಲೂ ಅವಳ ಮೈ ಉರಿಯಿತು. ನಿಜವೋ ಸುಳ್ಳೋ ಎಂದು ಕೇಳಲು ಕಣ್ಣು ಆಗಲೇ ತಮ್ಮನ ಕಡೆ ಹೊರಳಿತ್ತು. ಅವಳು ಹಲ್ಲು ಕಚ್ಚಿ ಅದನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಸೊಂಟದ ಬೀಗದಕೈ ಬಿಚ್ಚಿ ಗೊಣಗಣ್ಣನ ಕೈಗೆ ಕೊಟ್ಟಳು.