ದಂತವೈದ್ಯರ ಏಕಮಾತ್ರ ಪ್ರತಿ

ಸಮಸ್ತ ಮಾನವಕುಲಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪೋಲೆಂಡಿನ ವುಚ್ ನಗರದ ನಿವೃತ್ತ ದಂತವೈದ್ಯ ಡಾಕ್ಟರ್ ಇರೆಕ್ ಗವ್ಲಿಕ್ ಅವರ ವಿಡಿಯೋ ಯಂತ್ರವು ಮಂಗಳವಾರ ಬೆಳಗಿನ ಚಹಾದ ಹೊತ್ತಿಗೆ, ಯಾವುದೇ ಚುಚ್ಚುಮದ್ದಿಲ್ಲದೆ, ತಾನಾಗಿಯೇ ಬಾಯಿ ತೆರೆದು, ಹಿಂದಿನ ಸಂಜೆಯಿಂದ ಕಚ್ಚಿ ಹಿಡಿದಿದ್ದ ಟೇಪನ್ನು ಹೊರಗೆ ಉಗುಳಿತು. ಟೇಪು ಕ್ಷೇಮ. ಯಂತ್ರವೂ ಕ್ಷೇಮ. ಡಾಕ್ಟರರು ಮಾತ್ರ ಇನ್ನೂ ಅದರ ಮುಂದೆ ಮಂಡಿಯೂರಿಯೇ ಇದ್ದರು.

"ಏಳ್ರಿ ಮೇಲೆ," ಎಂದಳು ಹೆಂಡತಿ ಬ್ರೊನ್ಯಾ. "ಚರ್ಚಲ್ಲೂ ನೀವು ಇಷ್ಟು ಹೊತ್ತು ಮಂಡಿಯೂರಿದ್ದನ್ನ ನಾನು ಕಂಡಿಲ್ಲ."

"ಹರಿದು ಹೋಗಿದ್ರೆ ಏನ್ ಗತಿ ಆಗ್ತಿತ್ತು ಗೊತ್ತಾ ನಿಂಗೆ?"

"ಗೊತ್ತು. ನಾನು ಈ ಮನೇಲಿ ಮೊದಲ ಸಲ ನೇರವಾಗಿ ನಡೀಬಹುದಿತ್ತು."

ಅವಳ ಮಾತು ಸುಳ್ಳಲ್ಲ. ಆ ಮನೆಯಲ್ಲಿ ನಡೆಯಬೇಕಾದರೆ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಿತ್ತು. ಹಜಾರದ ಎರಡೂ ಗೋಡೆಗೆ ಟೇಪು, ಮಂಚದ ಕೆಳಗೆ ಟೇಪು, ಅತಿಥಿಗಳಿಗೆ ಕೊಡುವ ಮನೆಚಪ್ಪಲಿಗಳ ಗೂಡಿನಲ್ಲೂ ಟೇಪು. ಹಂಗೇರಿಯವರು ಮೌನವಾಗಿ ಕುದುರೆ ನೋಡುವ ಚಿತ್ರ, ಜಪಾನಿನವರು ಮೌನವಾಗಿ ಮಳೆ ನೋಡುವ ಚಿತ್ರ, ಸ್ವೀಡನ್ನಿನವರು ಮೌನವಾಗಿ ಒಬ್ಬರನ್ನೊಬ್ಬರು ನೋಡುವ ಚಿತ್ರ. ಇವಿಷ್ಟನ್ನೂ ಮೌನವಾಗಿ ನೋಡುವವರು ಡಾಕ್ಟರ್ ಗವ್ಲಿಕ್. ಸಂತೆಯಲ್ಲಿ ಜೀನ್ಸ್ ಮಾರುವವರ ಪಕ್ಕ ಕದ್ದುಮುಚ್ಚಿ ಟೇಪು ಮಾರುತ್ತಿದ್ದ ಕಾಲದಿಂದಲೂ ಕೂಡಿಟ್ಟದ್ದು. ಅವರು ಅದನ್ನು ಸಂಗ್ರಹ ಅನ್ನುತ್ತಿದ್ದರು, ಬ್ರೊನ್ಯಾ ಗ್ರಹಚಾರ ಅನ್ನುತ್ತಿದ್ದಳು. ಮನೆಯಲ್ಲಿ ಹಿಡಿಸದೆ ಉಳಿದದ್ದೆಲ್ಲ, ಅಂದರೆ ಬಹುಪಾಲು, ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲರ ಉಪ್ಪಿನಕಾಯಿ ಜಾಡಿಗಳ ನಡುವೆ ಇತ್ತು.

ಆ ನೆಲಮಾಳಿಗೆಗೇ ಈಗ ಕುತ್ತು ಬಂದಿತ್ತು. ಕಟ್ಟಡದ ಸಂಘಕ್ಕೆ ಅಧ್ಯಕ್ಷೆಯಾದ ಸಬೀನಾ, ಬಿಸಿನೀರಿನ ಕೊಳವೆ ಬದಲಿಸುವ ನೆಪದಲ್ಲಿ, ಶುಕ್ರವಾರದೊಳಗೆ ನೆಲಮಾಳಿಗೆ ಖಾಲಿಯಾಗಬೇಕೆಂದು ಅಪ್ಪಣೆ ಹೊರಡಿಸಿದ್ದಳು. ಉಳಿದದ್ದನ್ನು ಕಸದ ಲಾರಿ ಒಯ್ಯುತ್ತದೆ.

"ಪೋಲೆಂಡ್ ಮುಂದಿನ ವರ್ಷ ಯುರೋಪಿಗೆ ಸೇರುತ್ತೆ, ಡಾಕ್ಟ್ರೇ," ಎಂದಿದ್ದಳು ಮೆಟ್ಟಿಲ ಮೇಲೆ ಅಡ್ಡಗಟ್ಟಿ. "ನೆಲಮಾಳಿಗೇಲಿ ಇಲಿ ಸಾಕ್ಕೊಂಡು ಸೇರೋಕಾಗುತ್ತಾ?"

"ಇಲಿ ಬರೋದು ನಿಮ್ಮ ಸೌತೆಕಾಯಿ ಜಾಡಿಗೆ, ಸಬೀನಾ ಅವರೇ. ನನ್ನ ಚಿತ್ರಗಳನ್ನ ಇಲಿ ಕೂಡ ಮುಟ್ಟಲ್ಲ."

"ಇಲಿಗಿರೋ ಬುದ್ಧಿ ನಿಮಗೂ ಇದ್ದಿದ್ರೆ ಚೆನ್ನಾಗಿತ್ತು."

ಡಾಕ್ಟರರು ಓಡಾಡದ ಜಾಗವಿಲ್ಲ. ಗ್ರಂಥಾಲಯದವರು, ಇದು ಡಿಸ್ಕಿನ ಕಾಲ, ಟೇಪು ಓಡಿಸಲು ನಮ್ಮಲ್ಲಿ ಯಂತ್ರವೇ ಇಲ್ಲ ಎಂದರು. ಬಡಾವಣೆಯ ಸಂಸ್ಕೃತಿ ಭವನದವರು ನಮ್ಮಲ್ಲಿ ಸಂಸ್ಕೃತಿಗೆ ಜಾಗವಿಲ್ಲ, ಏರೋಬಿಕ್ಸ್ ತರಗತಿಯಿದೆ ಎಂದರು. ಪಾದ್ರಿಗಳು ಎರಡು ಟೇಪುಗಳ ಮೇಲಿನ ಚಿತ್ರ ನೋಡಿ ಶಿಲುಬೆಯ ಗುರುತು ಮಾಡಿಕೊಂಡು ಬಾಗಿಲು ಹಾಕಿಕೊಂಡರು. ಜನ್ಮವಿಡೀ ಹಲ್ಲು ಕಿತ್ತ ಮನುಷ್ಯ ಈಗ ಕಂಡಕಂಡವರ ಮುಂದೆ ಹಲ್ಲು ಗಿಂಜುತ್ತಿದ್ದರು. ಬ್ರೊನ್ಯಾ ಬೇರೆ ಹೇಳಿಬಿಟ್ಟಿದ್ದಳು, ನೆಲಮಾಳಿಗೆಯಿಂದ ಒಂದೇ ಒಂದು ಟೇಪು ಮೆಟ್ಟಿಲು ಹತ್ತಿದರೂ ತಾನು ಅದೇ ಮೆಟ್ಟಿಲು ಇಳಿಯುತ್ತೇನೆ ಅಂತ. ಡಾಕ್ಟರರಿಗೆ ನಿದ್ದೆ ಹಾರಿಹೋಯಿತು, ಊಟ ಸೇರದಾಯಿತು. ಆ ಲಾರಿಯ ಹಿಂದೆ ತಾನೂ ಹತ್ತಿ ಕೂರುವುದೇ ವಾಸಿ ಅನ್ನಿಸತೊಡಗಿತು.

ಆಗ ಬಂದದ್ದು ಲಿಸ್ಬನ್ನಿನ ಕರೆ.

ಪೋರ್ಚುಗಲ್ಲಿನ ಒಂದು ಖಾಸಗಿ ಚಿತ್ರ ಭಂಡಾರದವರು ಬಹಳ ದಿನದಿಂದ 'ಉಪ್ಪುನೀರಿನ ಬಾಗಿಲು' ಎಂಬ ಹಳೆಯ ಚಿತ್ರಕ್ಕೆ ದನಿ ಹುಡುಕುತ್ತಿದ್ದರು. ಚಿತ್ರ ಅವರಲ್ಲಿತ್ತು, ದನಿಯ ಸುರುಳಿ ಬೆಂಕಿಗೆ ಆಹುತಿಯಾಗಿತ್ತು. ನಾಯಕಿ ಬಾಯಿ ಆಡಿಸುತ್ತಾಳೆ, ಏನು ಹೇಳುತ್ತಾಳೋ ಯಾರಿಗೂ ಗೊತ್ತಿಲ್ಲ. ಚಿತ್ರಕಥೆಯೂ ಸುಟ್ಟಿತ್ತು, ನಟಿಯೂ ತೀರಿಕೊಂಡಿದ್ದಳು. ಈ ಸುದ್ದಿಯನ್ನು ಸಿನಿಮಾ ಪತ್ರಿಕೆಯಲ್ಲಿ ಓದಿದ ಡಾಕ್ಟರರು ಕುರ್ಚಿಯಿಂದ ಜಿಗಿದು, ಅವರಿಗೆ ಕಾಗದ ಬರೆದಿದ್ದರು. ಅವರ ಹತ್ತಿರ ಆ ಚಿತ್ರ ಇತ್ತು. ಎಂಬತ್ತರ ದಶಕದಲ್ಲಿ ಟೀವಿಯಲ್ಲಿ ಒಂದೇ ಒಂದು ಸಲ ಬಂದಾಗ, ಕೈಗೆ ಸಿಕ್ಕ ಟೇಪಿನ ಮೇಲೆ ಹಿಡಿದಿದ್ದರು. ಆ ಟೇಪಿನಲ್ಲಿ ಮೊದಲು ಇದ್ದದ್ದು ನಾದಿನಿಯ ಮದುವೆ. ಆ ಕಾರಣಕ್ಕೆ ನಾದಿನಿ ಇಂದಿಗೂ ಮಾತು ಬಿಟ್ಟಿದ್ದಾಳೆ.

ಭಂಡಾರದ ದುಲ್ಸೆ ಎಂಬಾಕೆ ಪೋಲಿಷ್ ಗಂಡನನ್ನು ಕಟ್ಟಿಕೊಂಡವಳು, ಭಾಷೆಯೂ ಬರುತ್ತಿತ್ತು.

"ದನಿ ಸರಿಯಾಗಿದೆಯಾ ಡಾಕ್ಟ್ರೇ?" ಎಂದು ಫೋನಿನಲ್ಲಿ ಕೇಳಿದ್ದಳು.

"ಗಾಜಿನ ಹಾಗೆ."

"ಡಬ್ ಮಾಡಿಲ್ಲ ತಾನೆ? ಮೂಲ ದನಿಯೇ ಇರಬೇಕು. ನಮ್ಮ ನಿಯಮ ಅದು."

ಡಾಕ್ಟರರಿಗೆ ಅವಮಾನವಾಯಿತು. "ಅಮ್ಮಾ, ನಮ್ಮಲ್ಲಿ ಡಬ್ ಮಾಡೋದು ಮಕ್ಕಳ ಬೊಂಬೆ ಚಿತ್ರಕ್ಕೆ. ದೊಡ್ಡವರ ಚಿತ್ರದಲ್ಲಿ ನಟರ ದನಿಯನ್ನ ಯಾರೂ ಮುಟ್ಟಲ್ಲ. ನಾಯಕಿಯ ಒಂದೊಂದು ಮಾತೂ ನನಗೆ ಬಾಯಿಪಾಠ."

"ಹಾಗಿದ್ರೆ ಗುರುವಾರ ಬರ್ತೀನಿ. ಇದು ನಿಜವಾದ್ರೆ, ನಿಮ್ಮ ಸಂಗ್ರಹ ಪೂರ್ತಿ ನಾವು ತಗೋತೀವಿ. ಒಂದು ಕೋಣೆ ಕೊಡ್ತೀವಿ. ಬಾಗಿಲ ಮೇಲೆ ನಿಮ್ಮ ಹೆಸರು ಹಾಕ್ತೀವಿ. ನಮ್ಮ ಮೇಲಿನವರನ್ನ ಈ ಒಂದು ಟೇಪಿನ ಆಸೆ ತೋರಿಸಿಯೇ ಒಪ್ಪಿಸಿದ್ದೀನಿ."

ಕೋಣೆ, ಅದೂ ಹೆಸರಿರುವ ಬಾಗಿಲಿನದು! ಡಾಕ್ಟರರು ಫೋನಿಟ್ಟು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ಬ್ರೊನ್ಯಾ ನೋಡಿಯೂ ನೋಡದ ಹಾಗೆ ಈರುಳ್ಳಿ ಹೆಚ್ಚಿದಳು, ಕಣ್ಣೀರಿಗೆ ಒಂದು ನೆಪವಾದರೂ ಇರಲಿ ಎಂಬ ಔದಾರ್ಯದಿಂದ. ಗುರುವಾರಕ್ಕೆ ಮುಂಚೆ ಒಮ್ಮೆ ನೋಡಿಕೊಳ್ಳೋಣವೆಂದು ಸೋಮವಾರ ಸಂಜೆ ಹಾಕಿದಾಗಲೇ ಯಂತ್ರ ಆ ಟೇಪನ್ನು ಕಚ್ಚಿ ಹಿಡಿದದ್ದು.

ಗುರುವಾರ ಮಧ್ಯಾಹ್ನ ದುಲ್ಸೆ ಬಂದಳು. ಚಪ್ಪಲಿ ಗೂಡಿನಿಂದ ಟೇಪು ತೆಗೆದು, ಅದರ ಹಿಂದಿದ್ದ ಮನೆಚಪ್ಪಲಿ ಕೊಟ್ಟರು. ಬ್ರೊನ್ಯಾ ಗಸಗಸೆ ಹೂರಣದ ಕೇಕು ಕೊಯ್ದಳು, ಗಾಜಿನ ಲೋಟದಲ್ಲಿ ಚಹಾ ಬಂತು. ಯುರೋಪು ಮನೆಗೇ ಬಂದಿದೆ ಎಂದು ಸುದ್ದಿ ತಿಳಿದು ಸಬೀನಾ ಕೂಡ, ಉಪ್ಪು ಸಾಲ ಕೇಳುವ ನೆಪದಲ್ಲಿ ಬಂದು ಸೋಫಾದ ತುದಿಯಲ್ಲಿ ಕೂತಳು. ಅವಳನ್ನು ನೋಡಿ ಡಾಕ್ಟರರು ಮೊದಲ ಸಲ ಮನಸಾರೆ ನಕ್ಕರು. ನಾಳೆ ಲಾರಿ ಬರಲಿ, ಬರಿಗೈಲಿ ಹೋಗಲಿ.

ಯಂತ್ರ ಟೇಪನ್ನು ನುಂಗಿತು. ಕಪ್ಪು ಬಿಳುಪಿನ ಕಡಲು ಬಂತು. ಅಲೆಯ ಸದ್ದು, ಗಾಳಿಯ ಸದ್ದು. ದುಲ್ಸೆ ಎರಡೂ ಕೈ ಕೆನ್ನೆಗಿಟ್ಟುಕೊಂಡಳು. ಆಮೇಲೆ ಖಾಲಿ ಕೋಣೆಯಲ್ಲಿ ನಾಯಕಿ ಒಬ್ಬಳೇ ಬಂದು ನಿಂತಳು, ಕಿಟಕಿಯ ಕಡೆ ತಿರುಗಿ ಮಾತಾಡಿದಳು. ಡಾಕ್ಟರರ ತುಟಿ ಅವಳ ಜೊತೆಗೇ ಅಲ್ಲಾಡಿತು.

"ಈ ಗಂಡಸು ಯಾರು?" ಎಂದಳು ದುಲ್ಸೆ.

ಡಾಕ್ಟರರು ಪರದೆಗೆ ಹತ್ತಿರ ಬಾಗಿದರು. "ಯಾವ ಗಂಡಸು? ಅವಳೊಬ್ಬಳೇ ಇರೋದು."

"ಮಾತಾಡ್ತಾ ಇದ್ದಾನಲ್ಲ."

"ಯಾರೂ ಮಾತಾಡ್ತಿಲ್ಲ. ಅವಳೇ ಮಾತಾಡ್ತಿರೋದು."

ಬ್ರೊನ್ಯಾ ಕೂಡ ಬಗ್ಗಿ ನೋಡಿದಳು. "ಈ ಮನೇಲಿ ಗಂಡಸು ಅಂದ್ರೆ ಇವ್ರೊಬ್ರೇ ಕಣಮ್ಮಾ. ಅದೂ ಲೆಕ್ಕಕ್ಕೆ."

"ನಂಗೂ ಯಾರೂ ಕಾಣ್ತಿಲ್ಲ," ಎಂದಳು ಸಬೀನಾ.

ದುಲ್ಸೆ ಎದ್ದು ಹೋಗಿ ಟೀವಿಯ ದನಿ ಏರಿಸಿದಳು. ಆಗ ಆ ಗಂಡಸು ಕೋಣೆಯ ತುಂಬ ತುಂಬಿಕೊಂಡ. ಒಣಗಿದ, ಗಟ್ಟಿಯಾದ, ಯಾವ ಏರಿಳಿತವೂ ಇಲ್ಲದ ದನಿ. ಹವಾಮಾನ ವರದಿ ಓದುವವನ ದನಿ. "ಬಾಗಿಲು ಹಾಕಬೇಡ. ಕಡಲಿಗೂ ಕೇಳಲಿ," ಎಂದು ಅವನು ಪೋಲಿಷಿನಲ್ಲಿ ಓದುತ್ತಿದ್ದ. ಅವನ ಅಡಿಯಲ್ಲೆಲ್ಲೋ, ಗೋಡೆಯಾಚೆಯ ಮನೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ, ಹೆಣ್ಣಿನ ದನಿಯ ಒಂದು ಗೀರು.

ಆ ದೇಶದಲ್ಲಿ ಟೀವಿಗೆ ಪರದೇಶದ ಚಿತ್ರ ಬಂದರೆ ಹೀಗೇ. ಗಂಡು ಅತ್ತರೂ ಹೆಣ್ಣು ಅತ್ತರೂ ಮಗು ಅತ್ತರೂ ಒಬ್ಬನೇ ಓದುಗ ಎಲ್ಲರ ಮಾತನ್ನೂ ಒಂದೇ ರಾಗದಲ್ಲಿ ಮೇಲಿನಿಂದ ಓದಿಬಿಡುತ್ತಾನೆ. ಹುಟ್ಟಿದಾಗಿನಿಂದ ಕೇಳಿದವರಿಗೆ ಅವನು ಕೇಳಿಸುವುದೇ ಇಲ್ಲ, ಮೂಗಿನ ತುದಿ ಕಣ್ಣಿಗೆ ಕಾಣಿಸದ ಹಾಗೆ. ಕೇಳುವವರು ಆ ಮಾತನ್ನು ಒಯ್ದು ನಟಿಯ ಬಾಯಿಗೇ ಇಟ್ಟು, ಅವಳೇ ಹೇಳಿದಳು ಅಂದುಕೊಳ್ಳುತ್ತಾರೆ. ಬೇರೆ ಊರಿನಿಂದ ಬಂದವರು ಕೇಳಿದಾಗಲೇ ಅವನು ಇದ್ದಾನೆಂದು ಗೊತ್ತಾಗುವುದು.

"ಓ, ಇವನಾ," ಎಂದಳು ಬ್ರೊನ್ಯಾ ಸಮಾಧಾನದಿಂದ. "ಇವನು ಎಲ್ಲಾದ್ರಲ್ಲೂ ಇರ್ತಾನೆ. ಇವನನ್ನ ಬಿಟ್ಟು ಕೇಳ್ಕೊಳಿ."

"ಬಿಡೋಕೆ ಆಗಲ್ಲಮ್ಮಾ," ಎಂದಳು ದುಲ್ಸೆ. ಅವಳ ದನಿಯೂ ಸಣ್ಣಗಾಗಿತ್ತು. "ಒಂದರ ಮೇಲೆ ಒಂದು ಕೂತಿದೆ. ಬೇರೆ ಮಾಡೋಕೆ ಬರಲ್ಲ. ಪಾತ್ರದ ಮಾತಿನ ಮೇಲೆ ಇನ್ನೊಬ್ಬರ ದನಿ ಇದ್ರೆ ಅದು ಮೂಲ ದನಿ ಅಲ್ಲ ಅಂತ ನಿಯಮ."

ಡಾಕ್ಟರರು ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಇಷ್ಟು ವರ್ಷ ಕಣ್ಣು ಮುಚ್ಚಿ ಆಕೆಯ ದನಿ ಅಂತ ನೆನೆಸಿಕೊಂಡದ್ದು, ಅದರ ನಡುಕ, ಅದರ ಉಪ್ಪು, ಎಲ್ಲವೂ ಸಂಬಳಕ್ಕೆ ಓದಿದ ಯಾವನೋ ಗಂಡಸಿನದು.

"ಅವಳು ಮಾತಾಡದ ಜಾಗ ಇದೆಯಲ್ಲ," ಎಂದರು ಕೊನೆಗೆ. "ಅಲ್ಲಿ ಇವನೂ ಸುಮ್ಮನಿರ್ತಾನೆ. ಕಡಲು ಶುದ್ಧವಾಗಿ ಕೇಳುತ್ತೆ. ಅದನ್ನಾದ್ರೂ ತಗೊಳ್ಳಿ."

"ಕಡಲು ನಮ್ಮಲ್ಲಿ ಬೇಕಾದಷ್ಟಿದೆ, ಡಾಕ್ಟ್ರೇ."

"ಹಾಗಾದ್ರೆ ಮಿಕ್ಕಿದ್ದು? ನೆಲಮಾಳಿಗೇದು? ಅದೇನು ತಪ್ಪು ಮಾಡಿದೆ?"

"ಈ ಟೇಪು ಬಂದ್ರೆ ಅವೂ ಬರ್ತಿದ್ವು. ಹಾಗಂತಲೇ ಒಪ್ಪಿಸಿದ್ದು." ದುಲ್ಸೆ ಮನೆಚಪ್ಪಲಿ ಕಳಚಿ ಜೋಡಿಸಿಟ್ಟಳು. ಬಾಗಿಲಲ್ಲಿ ಡಾಕ್ಟರರ ಕೈ ಹಿಡಿದುಕೊಂಡು, ಬಿಟ್ಟು, ಮೆಟ್ಟಿಲು ಇಳಿದಳು.

ಸಬೀನಾ ಕೂಡ ಎದ್ದಳು. ಗೆದ್ದ ಮುಖ ಮಾಡಲು ನೋಡಿದಳು, ಆಗಲಿಲ್ಲ. "ಲಾರಿ ಬೆಳಗ್ಗೇನೇ ಬರುತ್ತೆ, ಡಾಕ್ಟ್ರೇ. ಅದು ನನ್ನ ಕೈಲಿಲ್ಲ. ಬೇಕಾದ್ರೆ ಹೊರೋಕೆ ನಾನೂ ಬರ್ತೀನಿ," ಎಂದು, ಉಪ್ಪು ಮರೆತು ಹೋದಳು.

ಬ್ರೊನ್ಯಾ ಕೇಕಿನ ತಟ್ಟೆ ಎತ್ತಲಿಲ್ಲ. "ರೀ," ಎಂದಳು. ಡಾಕ್ಟರರಿಗೆ ಕೇಳಿಸಲಿಲ್ಲ. ಅವರು ಮತ್ತೆ ಮಂಡಿಯೂರಿ, ಟೀವಿಯ ಪಕ್ಕದಲ್ಲಿ ದನಿ ಹೊರಡುವ ಸಣ್ಣ ಜಾಲರಿಗೆ ಕಿವಿ ಒತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು.

"ಸ್ವಲ್ಪ ಸುಮ್ನಿರಯ್ಯ," ಎನ್ನುತ್ತಿದ್ದರು. "ಒಂದು ಮಾತು ಅವಳು ಆಡ್ಲಿ. ಒಂದೇ ಒಂದು."

ಓದುಗನಿಗೆ ಯಾವ ಅವಸರವೂ ಇರಲಿಲ್ಲ. ಅವನು ಮುಂದಿನ ಸಾಲು ಓದಿದ.